ಕೊಬ್ಬರಿ ಬಿಟ್ಟೈತೆ

ನೊಣವಿನಕೆರೆ
೧೪-೩-೧೯೭೮

ತೋಂಟದಾರ್ಯ ಸಾಹೇಬರಿಗೆ ಮರುಳಸಿದ್ದಯ್ಯನ ನಮಸ್ಕಾರ.

ನಿಮ್ಮ ನೋಟಿಸು ತಲುಪಿತು. ಪರೀಕ್ಷೆಯಲ್ಲಿ ಸಿಡಿದ ರಾಕೆಟ್ ಮೋಟಾರು ಸಿದ್ಧವಾಗಿದೆ ಎಂದು ನಾನೇ ಹೇಳಿದ್ದೆನಂತೆ. ಇಂಗ್ಲಿಷಿನಲ್ಲಿ ಚೆನ್ನಾಗಿ ಬರೆದಿದ್ದೀರಿ. ನಾನು ಹೇಳಿದ್ದು ಕನ್ನಡದಲ್ಲಿ.

ಆವತ್ತು ಮರದ ಸುತ್ತಿಗೆಯಿಂದ ಅದರ ಉಕ್ಕಿನ ಕವಚ ತಟ್ಟಿದಾಗ ಒಂದು ಕಡೆ ಪೊಳ್ಳು ಸದ್ದು ಬಂತು. "ಸಾರ್, ಕೊಬ್ಬರಿ ಬಿಟ್ಟೈತೆ" ಅಂದೆ. ನೀವು ನಕ್ಕು, "ಬಿಟ್ಟಿದ್ರೆ ಒಳ್ಳೇದೇ ಆಯ್ತು ಬುಡಪ್ಪ" ಎಂದು ಮೋಟಾರನ್ನು ಪರೀಕ್ಷೆಗೆ ಬಿಡಲು ರುಜು ಹಾಕಿದಿರಿ.

ತಿಪಟೂರಿನ ಕೊಬ್ಬರಿ ಮಂಡಿ ವ್ಯಾಪಾರದ ಮನೆಯಲ್ಲಿ ಹುಟ್ಟಿದವರು ನೀವು. ಅಟ್ಟದ ಮೇಲೆ ವರ್ಷ ಒಣಗಿದ ಕಾಯಿಯಲ್ಲಿ ಕೊಬ್ಬರಿ ಚಿಪ್ಪು ಬಿಟ್ಟು ಗಡಗಡ ಎಂದರೆ ಅದು ಒಡೆಯುವ ಹದ, ನಿಜ. ಆದರೆ ರಾಕೆಟ್ಟಿನ ಇಂಧನ ಕವಚಕ್ಕೆ ಅಂಟಿಕೊಂಡೇ ಇರಬೇಕು, ಬಿಟ್ಟ ಸಂದಿಗೆ ಬೆಂಕಿ ನುಗ್ಗಿದರೆ ಎಲ್ಲ ಸಿಡಿಯುತ್ತದೆ ಎಂದು ನನಗೆ ಪಾಠ ಹೇಳಿದವರೂ ನೀವೇ. ಅಲ್ಲ ಸ್ವಾಮಿ, ನಿಮ್ಮ ಎದುರಿಗಿದ್ದದ್ದು ತೆಂಗಿನಕಾಯಿಯೇ?

ಊರ ಮಾತು ಬಳಸಿದ್ದು ನನ್ನ ತಪ್ಪು, ಒಪ್ಪಿದೆ. ನಿಮ್ಮದನ್ನು ನೀವು ಒಪ್ಪಿ. ನಾನು ಹೇಳಿದ್ದನ್ನು ಹೇಳಿದ ಹಾಗೇ ಕಡತದಲ್ಲಿ ಬರೆಸಿ. ಅಲ್ಲಿಯವರೆಗೆ ನಿಮ್ಮ ಯಾವ ಕಾಗದಕ್ಕೂ ನನ್ನ ರುಜು ಬೀಳುವುದಿಲ್ಲ.

ಇದರ ಜೊತೆ ಅಟ್ಟದಿಂದ ಇಳಿಸಿದ ಎರಡು ಕಾಯಿ ಕಳಿಸಿದ್ದೇನೆ. ಕೊಬ್ಬರಿ ಬಿಟ್ಟಿದೆಯೋ ಇಲ್ಲವೋ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೀವೇ ನೋಡಿಕೊಳ್ಳಿ. ಮೋಟಾರು ಸಿಡಿದ ದಿನದಿಂದ ನನಗೆ ಎರಡು ಕಿವಿಯೂ ಕೇಳಿಸುವುದಿಲ್ಲ.

ಇಂತಿ,
ಮರುಳಸಿದ್ದಯ್ಯ
ತಪಾಸಣೆ ವಿಭಾಗ