ಕತ್ತೆಯ ಹಿಂಗಾಲು

ಅಪ್ಪನಿಗೆ ಮಗಳ ನಮಸ್ಕಾರ.

ಇಬ್ಬರು ಹೊಕ್ಕ ಕತ್ತೆವೇಷದಲ್ಲಿ ನೀವು ಹಿಂಗಾಲಾಗಿದ್ದ ಆ ಹಳೆಯ ನಗೆಚಿತ್ರವನ್ನು ನಿನ್ನೆ ಇಲ್ಲಿನ ಹಳೆಯ ಸಿನಿಮಾ ಸಂಗ್ರಾಹಕರು ತೋರಿಸಿದರು. ಎಲ್ಲರೂ ಮರೆತ ಚಿತ್ರಕ್ಕೆ ಇವರೇಕೆ ಮುಗಿಬೀಳುತ್ತಾರೆ ಎಂದು ಗೊಣಗುತ್ತಿದ್ದಿರಲ್ಲ, ನಿಮ್ಮ ಕಾಲಿಗಾಗಿ! ಮುಂಗಾಲು ನಾಯಕಿಯತ್ತ ಓಡಲು ಹೊರಟರೆ ಹಿಂಗಾಲು ಮುನಿಸಿಕೊಂಡು ಕೂತುಬಿಡುತ್ತದೆ. ಅದನ್ನೇ ಮತ್ತೆ ಮತ್ತೆ ಹಾಕಿಸಿ, ಹೊಟ್ಟೆ ಹುಣ್ಣಾಗುವಂತೆ ನಕ್ಕರು.

"ಹಿಂಗಾಲು ಯಾರ್ರೀ? ಹೆಸರೇ ಹಾಕಿಲ್ವಲ್ಲ!" ಎಂದರೊಬ್ಬರು.

ನಾನು ಎದ್ದು ನಿಂತು, "ನಮ್ಮಪ್ಪ" ಎಂದೆ. ಇಡೀ ಸಭೆ ಎದ್ದು ಚಪ್ಪಾಳೆ ತಟ್ಟಿತು.

ನೆಂಟರ ಮುಂದೆ "ಸಿನಿಮಾದಲ್ಲಿ ಬರೀ ಲೈಟ್ ಹಿಡೀತಿದ್ದೆ" ಎನ್ನುವುದನ್ನು ಇನ್ನಾದರೂ ಬಿಡಿ. ಭಾನುವಾರ ಮತ್ತೆ ಪ್ರದರ್ಶನವಿದೆ. ಮಂಡಿಗೆ ಪಟ್ಟಿ ಕಟ್ಟಿಕೊಂಡು, ಕ್ಷೌರ ಮಾಡಿಸಿಕೊಂಡು ಬನ್ನಿ. ಕಾಲು ನೋಡಿಯಾಯಿತು, ಈಗ ಅವರಿಗೆ ಮುಖ ನೋಡಬೇಕಂತೆ.

ಇಂತಿ,
ಹಿಂಗಾಲಿನವರ ಹಿರಿಮಗಳು