ಮೈಕ್ ಬೇಕಾಗಿದ್ದು ಯಾರಿಗೆ

ಅಮ್ಮ,

ನಾಲ್ಕು ಗಂಟೆಗೆ ನಿನ್ನ ಚರ್ಚಿನ ಅಕ್ಕಂದಿರು ನನ್ನನ್ನ ವಾಪಸ್ ಚರ್ಚಿಗೆ ಕರ್ಕೊಂಡು ಹೋಗೋಕೆ ಬರ್ತಾರಂತೆ. ನಾನು ಅಂಗಡಿಯಲ್ಲಿರ್ತೀನಿ. ಫ್ಲಾಸ್ಕಲ್ಲಿ ಟೀ ಇದೆ, ಕೊಡು. ಬಿಸ್ಕತ್ತು ನನ್ನ ಹೊಲಿಗೆ ಮೆಷಿನ್ ಡ್ರಾಯರಲ್ಲಿದೆ, ಅವರು ಹೋದ ಮೇಲೆ ನೀನು ತಿನ್ನು.

ನನಗೋಸ್ಕರ ಏನಂತ ಪ್ರಾರ್ಥನೆ ಮಾಡೋಣ ಅಂತ ನಿನ್ನ ಬಾಯಿ ಬಿಡಿಸ್ತಾರೆ. ನಿನ್ನ ಮಂಡಿ ನೋವು ಹೇಳು, ಸಾಕು. ಹೋದ ಸಲ ನನ್ನ ಗಂಡ ಬಿಟ್ಟುಹೋಗಿದ್ದನ್ನ ನೀನು ಅತ್ಕೊಂಡು ಅವರಿಗೆ ಗುಟ್ಟಾಗಿ ಹೇಳಿದೆ. ಭಾನುವಾರ ಪಾದ್ರಿಗಳು ಮೈಕ್ ಹಿಡಿದು, ನನ್ನ ಹೆಸರು ಸಮೇತ ಡಂಗುರ ಸಾರಿದ್ರು. ಅದು ಪ್ರಾರ್ಥನೆಯಂತೆ. ಎಲ್ಲರೂ ಒಂದು ಕಣ್ಣು ಮುಚ್ಚಿದ್ರು, ಇನ್ನೊಂದು ನನ್ನ ಮೇಲಿತ್ತು.

ನಿನ್ನ ಮೇಲೆ ಸಿಟ್ಟಿಲ್ಲ. ನನ್ನ ವಿಷಯ ದೇವರಿಗೆ ಹೇಳಲೇಬೇಕು ಅನ್ನಿಸಿದ್ರೆ ಅಡುಗೆಮನೆಯಲ್ಲಿ ನಿಂತು ಮೆಲ್ಲಗೆ ಹೇಳು. ಅವನಿಗೆ ಕಿವಿ ಚೆನ್ನಾಗೇ ಕೇಳಿಸುತ್ತೆ. ಮೈಕ್ ಬೇಕಾಗಿದ್ದು ಇವರಿಗೆ.

ಮಧ್ಯಾಹ್ನದ ಮಾತ್ರೆ ಮರೀಬೇಡ.

ಅವಳೆಲ್ಲಿ ಅಂತ ಕೇಳಿದ್ರೆ ಇಷ್ಟು ಹೇಳು. ಚರ್ಚು ಕಣ್ಣಿಗೆ ಬೀಳಬಾರದು ಅಂತ ಇಷ್ಟು ದಿನ ಹಿಂದಿನ ಗಲ್ಲಿ ಸುತ್ತಿ ಚಪ್ಪಲಿ ಸವೆಸಿದೆ. ಇವತ್ತು ಅಂಗಡಿಗೆ ಅದರ ಮುಂದಿನ ರಸ್ತೆಯಲ್ಲೇ ಹೋಗ್ತಿದ್ದೀನಿ. ನಿಧಾನಕ್ಕೆ.