ಎಡಗಡೆಯ ಗಿಟಾರ್

ಏಪ್ರಿಲ್ 29, ಮಂಗಳವಾರ. ಸಂಜೆ 6

ಮತ್ತೆ ಅದೇ. ಕೆಸರು. ಗಿಟಾರಿನ ಚೂಪು ಸದ್ದು, ಟ್ರೆಬಲ್, ಏಳಕ್ಕೆ ಏರಿಸಿದೆ; ದಪ್ಪ ಸದ್ದು, ಬಾಸ್, ಮೂರಕ್ಕೆ ಇಳಿಸಿದೆ. ಆದರೂ ಯಾರೋ ಕಂಬಳಿ ಹೊದ್ದುಕೊಂಡು ಮಾತಾಡಿದ ಹಾಗೆ. ಸ್ವರ ಒಂದೊಂದಾಗಿ ಬಿಡಿಸಿಕೊಂಡು ಬರುತ್ತಿಲ್ಲ, ಅಂಟಿಕೊಂಡ ಮುದ್ದೆ.

ಅಕ್ಕಪಕ್ಕದ ಮನೆಗಳಿಗೆ ಕೇಳಿಸುತ್ತದೆ ಅಂತ ಈ ಕಟ್ಟಡದಲ್ಲಿ ನಿಜವಾದ ಆಂಪ್, ಅಂದರೆ ಆಂಪ್ಲಿಫೈಯರ್, ಹಚ್ಚುವ ಹಾಗಿಲ್ಲ. ಹಾಗಾಗಿ ಗಿಟಾರ್, ಸದ್ದು ಬದಲಿಸುವ ಪೆಡಲ್, ಕಂಪ್ಯೂಟರ್, ಹೆಡ್‌ಫೋನ್. ಸ್ಪೀಕರ್ ಪೆಟ್ಟಿಗೆ, ಅದರ ಮುಂದೆ ಇಡುವ ಮೈಕ್, ಸುತ್ತಲಿನ ಕೋಣೆ... ಎಲ್ಲ ಕಂಪ್ಯೂಟರಿನ ಲೆಕ್ಕಾಚಾರದಲ್ಲಿ ಮಾತ್ರ. ಇಲ್ಲದ ಪೆಟ್ಟಿಗೆಯಿಂದ ಬರುವ ಸದ್ದು.

ನಮ್ಮ ಮೂವರ ಬ್ಯಾಂಡಿನ ಎಂಟು ಹಾಡು ರೆಕಾರ್ಡ್ ಆಗಬೇಕು. ಡ್ರಮ್ ಪಿಲ್-ಗ್ಯು ಅಣ್ಣನದು, ಮುಗಿದಿದೆ. ಬಾಸ್ ಗಿಟಾರ್ ಮತ್ತು ಹಾಡುವುದು ಬೊಕ್-ಹಿ ಅಕ್ಕ, ಅದೂ ಮುಗಿದಿದೆ. ಗಿಟಾರ್ ನನ್ನದು. ಜನವರಿಯಿಂದ ಹಾಗೇ ಇದೆ.

ಅಕ್ಕ ಮೀನು ಅಂಗಡಿಯಲ್ಲಿ ಕುಸಿದು ಬಿದ್ದು ತೀರಿಹೋಗಿ ಇವತ್ತಿಗೆ ಇಪ್ಪತ್ತನಾಲ್ಕನೇ ದಿನ. ಮೆದುಳಿನ ರಕ್ತನಾಳ ಒಡೆದಿತ್ತಂತೆ.

ಅನ್ನ ಮಾಡಿದೆ. ತಿಂದೆ. ಏನು ತಿಂದೆ ನೆನಪಿಲ್ಲ.


ಏಪ್ರಿಲ್ 30

ಪಿಲ್-ಗ್ಯು ಅಣ್ಣನ ಫೋನು. ಬಸ್ ಡಿಪೋದಿಂದ.

"ಇಪ್ಪತ್ನಾಲ್ಕನೇ ತಾರೀಕು ಬೊಕ್-ಹಿಯ ನಲವತ್ತೊಂಬತ್ತನೇ ದಿನದ ಪೂಜೆ. ಗೊತ್ತು ತಾನೇ? ವಿಹಾರದಿಂದ ಸೀದಾ ದಾಲ್-ಸು ಅಂಗಡಿಗೆ ಹೋಗೋಣ. ಒಂದ್ ಹಾಡಾದ್ರೂ ಅವನಿಗೆ ಕೇಳಿಸ್ಬೇಕು."

"ಒಂದೂ ಆಗಿಲ್ಲ ಅಣ್ಣ."

"ಯಾಕೆ?"

"ಸದ್ದು ಸರಿ ಬರ್ತಿಲ್ಲ. ಬರೀ ಕೆಸರು."

"ಇಪ್ಪತ್ತೆರಡು ವರ್ಷದಿಂದ ನಿನ್ನ ಸದ್ದು ಕೆಸರೇ ಕಣೇ. ಬೊಕ್-ಹಿ ಅದ್ರಲ್ಲೇ ಭತ್ತ ನೆಟ್ಟು ಹಾಡ್ತಿದ್ಲು."

ನಗಬೇಕಿತ್ತು. ನಗಲಿಲ್ಲ. ಹಿಂದೆ ಯಾರೋ ಅವನ ಬಸ್ಸಿನ ನಂಬರ್ ಕೂಗಿದರು. ಫೋನು ಇಟ್ಟ.

ದಾಲ್-ಸು ಭಾವ ಅಕ್ಕನ ಗಂಡ. ನಮ್ಮ ಬ್ಯಾಂಡಿನ ಒಂದು ಕಾರ್ಯಕ್ರಮಕ್ಕೂ ಬಂದವರಲ್ಲ. ಅಂಗಡಿ ಯಾರು ನೋಡಿಕೊಳ್ಳುತ್ತಾರೆ ಅನ್ನುತ್ತಿದ್ದರು. ಅದೂ ನಿಜ.


ಮೇ 2

ಕೃತಕ ಹಲ್ಲು ಮಾಡುವ ನಮ್ಮ ಲ್ಯಾಬಿನಲ್ಲಿ ಇವತ್ತು ಹನ್ನೊಂದು ಹಲ್ಲು. ಒಂದು ಪೂರ್ತಿ ಮೇಲ್ದವಡೆ. ನನ್ನ ಎಡಕ್ಕೆ ಕೂರುವವರ ಹಲ್ಲು ತೇಯುವ ಯಂತ್ರ ಈಚೆಗೆ ಮೊದಲಿನ ಹಾಗೆ ಕಿರ್ರೆನ್ನುವುದಿಲ್ಲ. ಬೇರಿಂಗ್ ಬದಲಿಸಿರಬೇಕು. ಕೇಳಲಿಲ್ಲ.

ಮನೆಗೆ ಬಂದು ತಂತಿ ಬದಲಿಸಿದೆ. ಹೊಸ ತಂತಿಯಲ್ಲೂ ಹಳೆಯ ಸದ್ದು. ಕೇಬಲ್ ಬದಲಿಸಿದೆ. ಗಿಟಾರಿನ ಸ್ವಿಚ್ಚನ್ನು ತಂತಿಯ ಸದ್ದು ಹಿಡಿಯುವ ಹಿಂದಿನ ಪಿಕಪ್ಪಿಗೆ ತಳ್ಳಿದೆ. ಸದ್ದು ಒರಟಾಗಿಸುವ ಡಿಸ್ಟಾರ್ಶನ್ ಅರ್ಧ ಮಾಡಿದೆ. ಕೂಡಿಸಿದೆ, ಕಳೆದೆ.

ಬೇಜಾರೂ ಆಗುತ್ತಿಲ್ಲ. ಹಲ್ಲು ಮಾಡುವ ಹಾಗೆ ಇದನ್ನೂ ಮಾಡುತ್ತಿದ್ದೇನೆ.


ಮೇ 5. ಮಧ್ಯಾಹ್ನ

ರಜೆ. ಬುದ್ಧ ಹುಟ್ಟಿದ ದಿನ. ರಸ್ತೆಯುದ್ದಕ್ಕೂ ಕಾಗದದ ದೀಪ.

ತಪ್ಪು ಸಿಕ್ಕಿತು! ಪೆಡಲಿನೊಳಗೆ ಸ್ಪೀಕರ್ ಸಿಮ್ಯುಲೇಶನ್, ಆ ಇಲ್ಲದ ಪೆಟ್ಟಿಗೆಯ ನಕಲು, ಆನ್ ಆಗಿಯೇ ಇದೆ. ಕಂಪ್ಯೂಟರಿನಲ್ಲಿ ಇನ್ನೊಂದು. ಅಂದರೆ ಒಂದು ಪೆಟ್ಟಿಗೆಯ ಸದ್ದನ್ನು ಹಿಡಿದು ಇನ್ನೊಂದು ಪೆಟ್ಟಿಗೆಯೊಳಗೆ ತುಂಬಿದ್ದೆ. ಕೆಸರಾಗದೆ ಏನಾಗುತ್ತದೆ. ಹೊಸಬರು ಮಾಡುವ ತಪ್ಪು. ನಾನೇ ಎಷ್ಟೋ ಜನರಿಗೆ ಹೇಳಿಕೊಟ್ಟಿದ್ದೇನೆ, ಮೊದಲು ಇದನ್ನು ನೋಡಿ ಅಂತ.

ಪೆಡಲಿನದನ್ನು ಆಫ್ ಮಾಡಿದೆ. ಮೈಕನ್ನು ಸ್ಪೀಕರಿನ ಅಂಚಿನಿಂದ ನಡುವಿಗೆ ಸರಿಸಿದೆ, ಪರದೆಯ ಮೇಲೆ. ತಗ್ಗಿನ ಸದ್ದನ್ನು ಕತ್ತರಿಸಿದೆ, ಅದು ಅಕ್ಕನ ಬಾಸ್ ಗಿಟಾರಿನ ಜಾಗ.

ಅರ್ಧ ಕೆಸರು ಹೋಯಿತು. ಇನ್ನರ್ಧ ಅಲ್ಲೇ ಇದೆ. ಟ್ರೆಬಲ್ ಒಂಬತ್ತು. ಮೊದಲ ಹಾಡು ನುಡಿಸಿ ಅಣ್ಣನಿಗೆ ಕಳಿಸಿದೆ.


ಮೇ 6

ಅಣ್ಣನ ಫೋನು. "ಏ ಯೊನ್-ಜು, ಕಿವಿಗೆ ಸೂಜಿ ಚುಚ್ತೀಯೇನೇ?"

"ಏನು?"

"ತಗಡು ಕೆರೆದ ಹಾಗಿದೆ. ಹಲ್ಲು ಜುಮ್ ಅಂತು. ಮೂವತ್ತು ವರ್ಷ ತಾಳದ ತಟ್ಟೆ ಪಕ್ಕ ಕೂತಿರೋ ಕಿವಿ ಇದು. ಇದಕ್ಕೇ ನೋವಾಯ್ತು ಅಂದ್ರೆ ನೋಡು."

"ನಿನ್ನ ಫೋನಲ್ಲಿ ಹಾಗೆ ಕೇಳುತ್ತೆ ಬಿಡು."

"ಕಾರಲ್ಲೂ ಹಾಕ್ದೆ. ನನ್ನ ಹೆಂಡ್ತಿ ಕಿವಿ ಮುಚ್ಕೊಂಡ್ಲು. ಬೊಕ್-ಹಿ ದನಿ ಎಲ್ಲಿದೆ ಅಂತಾನೇ ಗೊತ್ತಾಗ್ತಿಲ್ಲ, ನಿನ್ನ ತಗಡಿನ ಮಧ್ಯೆ."

ಮತ್ತೆ ಕೇಳಿದೆ. ಕೆಸರೇ. ಅವನಿಗೆ ಹುಚ್ಚು. ಹಠಕ್ಕೆ ಇನ್ನೂ ಅರ್ಧ ಏರಿಸಿದೆ.


ಮೇ 13, ಮಂಗಳವಾರ. ಬೆಳಿಗ್ಗೆ 8

ಏಳು ದಿನ ಮುಟ್ಟಿರಲಿಲ್ಲ. ಇವತ್ತು ಲ್ಯಾಬಿಗೆ ಹೋಗುವ ಮೊದಲು ಒಂದು ಸಲ ಕೇಳೋಣ ಅಂತ ಹೆಡ್‌ಫೋನ್ ಹಾಕಿಕೊಂಡೆ. ನೋಡದೆ, ತಿರುಗುಮುರುಗಾಗಿ.

ಗಿಟಾರ್ ಬಲಗಿವಿಗೆ ಬಂತು. ಸೂಜಿ. ತಗಡು. ಕಿತ್ತು ಎಸೆದೆ.

ರೆಕಾರ್ಡಿಂಗಿನಲ್ಲಿ ನನ್ನ ಗಿಟಾರನ್ನು ನಾವು ಯಾವಾಗಲೂ ಎಡಕ್ಕೆ ಇಡುತ್ತೇವೆ. ವೇದಿಕೆ ನೋಡುವವರಿಗೆ ನಾನು ಎಡಗಡೆ, ಅಕ್ಕ ನಡುವೆ. ಇಪ್ಪತ್ತೆರಡು ವರ್ಷದಿಂದ.

ಹೆಡ್‌ಫೋನ್ ಸರಿಯಾಗಿ ಹಾಕಿಕೊಂಡೆ: ಗಿಟಾರ್ ಕೆಸರು. ತಿರುಗಿಸಿದೆ: ಗಿಟಾರ್ ತಗಡು, ಬಲಗಡೆಯಿದ್ದ ಅಣ್ಣನ ತಾಳದ ತಟ್ಟೆ ಕೆಸರು. ಹೆಡ್‌ಫೋನ್ ಹಾಳಾಗಿದ್ದರೆ ಕೆಸರು ಅದರ ಜೊತೆಗೆ ಇನ್ನೊಂದು ಕಿವಿಗೆ ಹೋಗಬೇಕಿತ್ತು. ಹೋಗಲಿಲ್ಲ. ನನ್ನ ಎಡಗಿವಿಯಲ್ಲೇ ಉಳಿಯಿತು.

ಬಲಗಿವಿಯ ಪಕ್ಕ ಎರಡು ಬೆರಳು ಉಜ್ಜಿದೆ. ಸರ ಸರ.

ಎಡಗಿವಿಯ ಪಕ್ಕ ಉಜ್ಜಿದೆ. ಚರ್ಮ ಚರ್ಮಕ್ಕೆ ತಾಗುವುದು ಗೊತ್ತಾಗುತ್ತದೆ. ಸದ್ದಿಲ್ಲ.

ಲ್ಯಾಬಿಗೆ ಹೊತ್ತಾಯಿತು.


ಮೇ 14

ಕಿವಿ ಡಾಕ್ಟರು ನನ್ನ ವಯಸ್ಸಿನವರು. ಗಾಜಿನ ಪೆಟ್ಟಿಗೆಯಲ್ಲಿ ಕೂರಿಸಿ ಸದ್ದು ಬಂದಾಗ ಗುಂಡಿ ಒತ್ತಲು ಹೇಳಿದರು. ಎಡಗಿವಿಯ ಸರದಿಯಲ್ಲಿ ಬಹಳ ಹೊತ್ತು ಸುಮ್ಮನೆ ಕೂತಿದ್ದೆ. ಮರೆತುಬಿಟ್ಟಿದ್ದಾರೇನೋ ಅಂದುಕೊಂಡೆ.

"ತಗ್ಗಿನ ಸದ್ದು ಪರವಾಗಿಲ್ಲ. ಮೇಲಿನದೆಲ್ಲ ಹೋಗಿದೆ. ಯಾವಾಗಿಂದ ಹೀಗೆ?"

"ಗೊತ್ತಿಲ್ಲ."

"ಯೋಚನೆ ಮಾಡಿ. ಒಂದಿನ ಇದ್ದಕ್ಕಿದ್ದ ಹಾಗೆ ಕಿವಿ ಕಟ್ಟಿದ ಹಾಗೆ, ಒಳಗೆ ಏನೋ ಮೊರೆದ ಹಾಗೆ..."

ನೆನಪಾಯಿತು. ಏಪ್ರಿಲ್ ಏಳು. ಸಾವಿನ ಎರಡನೇ ದಿನ, ಆಸ್ಪತ್ರೆಯ ಶೋಕದ ಕೋಣೆ. ಬಂದವರಿಗೆ ಬಿಸಿ ಸಾರು, ಅನ್ನ ಬಡಿಸುತ್ತಿದ್ದೆ. ಎಡಕ್ಕೆ ಫ್ರಿಜ್ ಮೊರೆಯುತ್ತಿತ್ತು. ಆಮೇಲೆ ಹೊರಗೆ ಬಂದೆ, ಅಲ್ಲೂ ಫ್ರಿಜ್ ಮೊರೆಯುತ್ತಿತ್ತು. ನಿದ್ದೆಗೆಟ್ಟಿದ್ದೇನೆ ಅಂದುಕೊಂಡೆ.

"ಎರಡು ವಾರದೊಳಗೆ ಬಂದಿದ್ರೆ..." ಅಂದರು ಡಾಕ್ಟರು. ಮಾತ್ರೆ ಬರೆದರು. ತಗೊಂಡು ನೋಡೋಣ, ಹೆಚ್ಚು ಆಸೆ ಇಟ್ಕೋಬೇಡಿ ಅಂದರು.

"ದುಃಖಕ್ಕೆ ಹೀಗಾಗುತ್ತಾ?"

"ಕಾರಣ ಹೇಳಕ್ಕಾಗಲ್ಲಮ್ಮ. ಎಷ್ಟೋ ಜನಕ್ಕೆ ಸುಮ್ನೆ ಆಗುತ್ತೆ."

ಮೂವತ್ತೇಳು ದಿನ. ಒಂದು ಕಿವಿ ಅರ್ಧ ಹೋದದ್ದು ಗೊತ್ತಾಗದೆ ಮೂವತ್ತೇಳು ದಿನ ಓಡಾಡಿದ್ದೇನೆ. ಹಲ್ಲು ಮಾಡಿದ್ದೇನೆ. ಕೆಸರಿಗೆ ಪೆಡಲನ್ನು ಬೈದಿದ್ದೇನೆ.


ಮೇ 17, ಶನಿವಾರ

ಅಣ್ಣನಿಗೆ ಹೇಳಿದೆ. ಫೋನಿನಲ್ಲಿ ಬೈದ. ನನ್ನನ್ನೋ, ಡಾಕ್ಟರನ್ನೋ, ಯಾರನ್ನೋ. ಅರ್ಧ ಗಂಟೆಯಲ್ಲಿ ಮನೆ ಬಾಗಿಲಲ್ಲಿದ್ದ, ಬಸ್ಸಿನ ಸಮವಸ್ತ್ರದಲ್ಲೇ.

"ಗಿಟಾರ್ ಬಲಕ್ಕೆ ಹಾಕ್ಬಿಡು. ಮುಗೀತು."

"ನಾನು ಎಡಗಡೆ ನಿಲ್ಲೋದು."

ಅವನು ಬೂಟು ಕಳಚಿ ಒಳಗೆ ಬಂದ.

ಬಲಗಿವಿ ಒಂದರಲ್ಲೇ ಕೇಳಿ ಗಿಟಾರಿನ ಸದ್ದು ಹೊಂದಿಸಬಹುದು. ಆದರೆ ಎರಡೂ ಕಿವಿ ಕೂಡಿದಾಗ ಅದು ಹಾಡಿನಲ್ಲಿ ಎಲ್ಲಿ ಕೂರುತ್ತದೆ, ಅಕ್ಕನ ದನಿಗೆ ಎಷ್ಟು ಹತ್ತಿರ, ಎಷ್ಟು ದೂರ... ಅದಿನ್ನು ನನಗೆ ತಿಳಿಯುವುದಿಲ್ಲ. ಹಾಗಾಗಿ ಹೆಡ್‌ಫೋನ್ ಅವನ ತಲೆಗೆ. ಟ್ರೆಬಲ್ಲಿನ ತಿರುಗಣೆ ನನ್ನ ಕೈಗೆ. ಅವನು ಕಣ್ಣು ಮುಚ್ಚಿಕೊಂಡು ಬಸ್ಸನ್ನು ರಿವರ್ಸ್ ತೆಗೆಸುವವನ ಹಾಗೆ ಕೈ ಆಡಿಸತೊಡಗಿದ.

"ಇಳಿಲಿ... ಇಳಿಲಿ ಇಳಿಲಿ... ಇನ್ನೂ ಬರ್ಲಿ... ಏ ಏ ಏ, ಗೋಡೆಗೆ ಗುದ್ದಿದೆ! ಸ್ವಲ್ಪ ಮುಂದೆ ಹೋಗು. ಹಾಂ. ಅಲ್ಲೇ."

ಟ್ರೆಬಲ್ ನಾಲ್ಕು.

"ನಾಲ್ಕಾ? ನಿಜ ಹೇಳು."

"ನಾನ್ಯಾವತ್ತು ಸುಳ್ಳು ಹೇಳಿದೀನೇ ನಿಂಗೆ?"

"ನಮ್ಮ ಎರಡನೇ ಕಾರ್ಯಕ್ರಮ. ಜನ ತುಂಬಿದಾರೆ ಅಂದಿದ್ದೆ. ಒಂಬತ್ತು ಜನ ಇದ್ರು."

"ಬೊಕ್-ಹಿಗೆ ಅದೇ ತುಂಬಿದ ಹಾಗಿತ್ತು."

ನಾನು ಇನ್ನೊಂದು ಹೆಡ್‌ಫೋನ್ ಹಾಕಿಕೊಂಡೆ. ನನ್ನ ಎಡಗಿವಿಗೆ ನಾಲ್ಕು ಅಂದರೆ ಕೆಸರಿನ ತಳ. ಅದರಲ್ಲೇ ನುಡಿಸಿದೆ. ಬೆರಳಿಗೆ ಗೊತ್ತಿರುವುದನ್ನು ಬೆರಳು ಮಾಡಿತು. ಐದನೇ ಸಲಕ್ಕೆ ಅಣ್ಣ ಹೆಡ್‌ಫೋನ್ ತೆಗೆದು ಮೊಣಕಾಲ ಮೇಲೆ ಇಟ್ಟುಕೊಂಡ. ಮೂಗು ಒರೆಸಿಕೊಂಡು ನೀರು ಕೇಳಿದ.


ಮೇ 24, ಶನಿವಾರ. ಸಂಜೆ

ಪೂಜೆ ಆಯಿತು. ಅಕ್ಕನ ಬಟ್ಟೆ ಸುಟ್ಟರು. ವೇದಿಕೆಯ ಮೇಲೆ ಹಾಕುತ್ತಿದ್ದ ನೀಲಿ ಜಾಕೆಟ್ಟೂ ಅದರಲ್ಲಿತ್ತು.

ಮೀನು ಮಾರುಕಟ್ಟೆಯಲ್ಲಿ ಭಾವ ಅಂಗಡಿಯ ಶಟರ್ ಅರ್ಧ ಇಳಿಸಿದರು. ಅಣ್ಣ ಎರಡು ಸ್ಪೀಕರ್ ತಂದಿದ್ದ, ಮಂಜುಗಡ್ಡೆಯ ಪೆಟ್ಟಿಗೆಗಳ ಮೇಲೆ ಇಟ್ಟ. ಭಾವ ಕೈ ತೊಳೆದು, ಏಪ್ರನ್‌ಗೆ ಒರೆಸಿಕೊಂಡು, ನಿಂತೇ ಕೇಳಿದರು. ಮುಗಿದ ಮೇಲೆ "ಇನ್ನೊಂದ್ಸಲ" ಅಂದರು. ಆಮೇಲೆ ಮತ್ತೊಂದು ಸಲ.

"ಹೇಗಿದೆ ಭಾವ? ನನಗೆ ಸರಿಯಾಗಿ ಕೇಳಲ್ಲ. ನೀವೇ ಹೇಳಿ."

"ನಂಗೆ ಸಂಗೀತ ಗೊತ್ತಿಲ್ಲಮ್ಮ."

"ಗೊತ್ತಿರೋ ಹಾಗೇ ಹೇಳಿ."

ಮುಂದಿದ್ದ ಮೀನುಗಳನ್ನು ನೋಡುತ್ತಾ ನಿಂತರು. "ಹಳೇ ಮೀನಿನ ಕಣ್ಣು ಮಬ್ಬಾಗಿರುತ್ತೆ. ಇದು ಮಬ್ಬಾಗಿಲ್ಲ. ಬೆಳಿಗ್ಗೆ ದೋಣಿಯಿಂದ ಇಳಿಸಿದ್ದು." ಮಂಜುಗಡ್ಡೆಯ ಮೇಲೆ ಒಂದು ಮೀನು ಸರಿಮಾಡಿ, "ಅವಳ ಮೇಲೆ ನೀನು ಬಿದ್ದಿಲ್ಲ. ಪಕ್ಕದಲ್ಲಿ ನಿಂತಿದೀಯ."

ಅಣ್ಣ ಸ್ಪೀಕರಿನ ವಯರು ಸುತ್ತುತ್ತಿದ್ದ.

"ಜನವರಿಯಲ್ಲೇ ಮಾಡಿದ್ರೆ ಅವಳೂ ಕೇಳ್ತಿದ್ಲು" ಅಂದರು ಭಾವ. ಬೈದ ಹಾಗಿರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ.

"ಹೌದು ಭಾವ."

ಜನವರಿಯಲ್ಲಿ ಚಳಿ ಜಾಸ್ತಿ, ಸೋಮಾರಿತನ, ನಾಳೆ ಮಾಡಿದರಾಯಿತು. ಅಷ್ಟೇ ಇದ್ದದ್ದು.

ಹೊರಡುವಾಗ ಎರಡು ಬಂಗುಡೆ ಕಟ್ಟಿಕೊಟ್ಟರು. "ಉಪ್ಪು ಹಾಕಿದೀನಿ. ಸುಟ್ಕೊಂಡು ತಿನ್ನು. ಉಳಿದಿದ್ದು ಏಳು ಅಲ್ವಾ?"

"ಏಳು."

"ಒಂದೊಂದು ಆದ ಹಾಗೆ ತಂದು ಹಾಕು. ಶಟರ್ ಇಳಿಸ್ತೀನಿ."


ಮೇ 27. ಬೆಳಿಗ್ಗೆ 10

ಇವತ್ತು ಲ್ಯಾಬ್ ಇಲ್ಲ. ಮಾತ್ರೆ ಮುಗಿಯಿತು. ಎಡಗಿವಿ ಹಾಗೇ ಇದೆ. ಇನ್ನು ಹಾಗೇ ಇರುತ್ತದಂತೆ.

ಎರಡನೇ ಹಾಡು ಹಚ್ಚಿದೆ. ಇದರಲ್ಲಿ ಮೊದಲು ಡ್ರಮ್ ಇಲ್ಲ, ಏನೂ ಇಲ್ಲ. ಅಕ್ಕ ಉಸಿರು ಎಳೆದುಕೊಂಡು ಒಬ್ಬಳೇ ಶುರು ಮಾಡುತ್ತಾಳೆ. ಆ ಉಸಿರು ಕೇಳಿಸಿತು. ಬಲಗಿವಿಗೆ, ಚೆನ್ನಾಗಿ. ನಿಲ್ಲಿಸಿದೆ. ಹಿಂದಕ್ಕೆ ಹಾಕಿದೆ. ಮತ್ತೆ ಉಸಿರು. ಮತ್ತೆ ಹಿಂದಕ್ಕೆ. ಗಿಟಾರ್ ಮಡಿಲಲ್ಲೇ ಇತ್ತು, ಮುಟ್ಟಲಿಲ್ಲ.

ಎಷ್ಟು ಹೊತ್ತೋ. ಯಾರೋ ಭುಜ ಮುಟ್ಟಿದರು. ಪಕ್ಕದ ಮನೆಯ ಅಜ್ಜಿ. ಬಾಗಿಲು ಬಡಿದೂ ಬಡಿದೂ, ಚಿಲಕ ಹಾಕಿಲ್ಲದ್ದು ನೋಡಿ ಒಳಗೆ ಬಂದಿದ್ದರು. ಹೆಡ್‌ಫೋನ್ ತೆಗೆದೆ.

"ಏನಾಯ್ತು ಮಗಳೇ? ಯಾಕೆ ಹೀಗೆ? ಮೆಟ್ಟಿಲವರೆಗೂ ಕೇಳಿಸ್ತಿದೆ."

ಆಂಪ್ ಹಚ್ಚಿಲ್ಲ ಅಜ್ಜಿ, ಹೆಡ್‌ಫೋನಿನಲ್ಲೇ ಇದ್ದೇನೆ ಅಂದೆ. ಅವರು ನನ್ನ ಮುಖವನ್ನೇ ನೋಡಿದರು. ಕರವಸ್ತ್ರವಿಲ್ಲ, ಅಂಗೈಯಿಂದಲೇ ನನ್ನ ಗಲ್ಲ ಒರೆಸಿದರು. ಒದ್ದೆ. ಅಂಗಿಯ ಎದೆಯೂ ಒದ್ದೆ. ಆಗ ಗೊತ್ತಾಯಿತು, ಇಷ್ಟು ಹೊತ್ತೂ ನಾನು ಅಷ್ಟು ಜೋರಾಗಿ ಅಳುತ್ತಿದ್ದೆ ಅಂತ.